ಕಿಲಿಫಿಯಲ್ಲಿ ಎಣಿಸಿದರು

2021ರ ಫೆಬ್ರವರಿ 1, ಬಜೆಟ್ ದಿನ. ನಮ್ಮಂಥ ಆ್ಯಂಕರ್‌ಗಳಿಗೆ ಅದು ಜಾತ್ರೆಯೂ ಹೌದು, ಪರೀಕ್ಷೆಯೂ ಹೌದು. ಬೆಳಿಗ್ಗೆ ಕೂತರೆ ರಾತ್ರಿವರೆಗೂ ಕುರ್ಚಿ ಬಿಡೋ ಹಾಗಿಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಅವರು ಅಲ್ಲಿ ಓದ್ತಾ ಹೋದ ಹಾಗೆ ಇಲ್ಲಿ ನಮ್ಮ ಡೆಸ್ಕ್‌ನ ಹುಡುಗರು ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದೊಂದೇ ಸಾಲು ಬಿಡ್ತಾ ಇದ್ರು. ಅದರಲ್ಲೊಂದು: ಐದು ರಾಜ್ಯಗಳಲ್ಲಿ ಮಾತ್ರ ಇದ್ದ ನ್ಯುಮೋಕಾಕಲ್ ಲಸಿಕೆ ಇನ್ನು ಇಡೀ ದೇಶಕ್ಕೆ, ಇದರಿಂದ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪಲಿದೆ. ನಾನು ಓದಿದೆ. ಮುಂದಿನ ಸಾಲಿಗೆ ಹೋದೆ. ಅದು ಆದಾಯ ತೆರಿಗೆಯದ್ದು. ಎಲ್ಲರ ಕಿವಿ ಇದ್ದದ್ದು ಅಲ್ಲೇ.

50 ಸಾವಿರ ಅನ್ನೋದು ಯಾರು ಎಣಿಸಿದ ಸಂಖ್ಯೆ? ಎಲ್ಲಿ ಎಣಿಸಿದ್ರು? ಆವತ್ತು ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಸೆನ್ಸರ್, ಸಿಗ್ನಲ್, ಎರರ್ ಅಂತ ಓದಿದವನು ನಾನು. ಆದರೂ ಹೊಳೆಯಲಿಲ್ಲ.

ಹೊಳೆಸಿದವರು ಒಬ್ಬ ನಿವೃತ್ತ ಮಕ್ಕಳ ವೈದ್ಯೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಸಿಕೆ ದೇಶದಾದ್ಯಂತ ಶುರುವಾದಾಗ ನಾವೊಂದು ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ವಿ. ವರದಿಗಾರರಿಗೆ ಹೇಳಿ ಜಿಲ್ಲೆ ಜಿಲ್ಲೆಯ ಆಸ್ಪತ್ರೆಗಳಿಗೆ ಫೋನ್ ಮಾಡಿಸಿ, ಈ ಬ್ಯಾಕ್ಟೀರಿಯಾದ ಕೇಸ್ ಎಷ್ಟು ಅಂತ ಕೇಳಿ, ಭೂಪಟಕ್ಕೆ ಬಣ್ಣ ಹಚ್ಚಿಸಿದ್ದೆ. ಕೇಸ್ ಇದ್ದಲ್ಲಿ ಕೆಂಪು, ಸೊನ್ನೆ ಇದ್ದಲ್ಲಿ ಹಸಿರು. ಅರ್ಧ ರಾಜ್ಯ ಹಚ್ಚ ಹಸಿರಾಗಿತ್ತು. "ಸಮಾಧಾನದ ವಿಷಯ ಏನಂದ್ರೆ" ಅಂತ ನಾನು ಕ್ಯಾಮೆರಾ ನೋಡಿಕೊಂಡು ಹೇಳಿಯೂ ಬಿಟ್ಟೆ.

ಬ್ರೇಕ್ ಬಂತು. ಮೇಡಂ ಮೈಕ್ ಮೇಲೆ ಕೈ ಇಟ್ಟು ಕೇಳಿದರು, "ಏನಪ್ಪಾ, ಆ ಹಸಿರು ಜಿಲ್ಲೆಗಳಲ್ಲಿ ಮಗುವಿನ ಬ್ಲಡ್ ಕಲ್ಚರ್ ಮಾಡೋ ಲ್ಯಾಬ್ ಎಷ್ಟಿವೆ ಅಂತ ಕೇಳಿದ್ರಾ?"

"ಇಲ್ಲ ಮೇಡಂ."

"ಮತ್ತೆ? ಥರ್ಮಾಮೀಟರೇ ಇಲ್ಲದ ಮನೇಲಿ ಯಾರಿಗೂ ಜ್ವರ ಇರಲ್ಲ ಬಿಡಿ."

ಬ್ರೇಕ್ ಮುಗಿಯೋಕೆ 40 ಸೆಕೆಂಡ್ ಇತ್ತು. ಆ ಭೂಪಟವನ್ನು ಮತ್ತೆ ತೋರಿಸಬೇಡಿ ಅಂತ ಕಂಟ್ರೋಲ್ ರೂಮಿಗೆ ಹೇಳಿದೆ. ಈ ಬರಹ ಆವತ್ತಿನ ಪ್ರಾಯಶ್ಚಿತ್ತ ಅಂತಲೇ ಇಟ್ಟುಕೊಳ್ಳಿ.

ಮೊದಲು ಈ ಬ್ಯಾಕ್ಟೀರಿಯಾ ಯಾರು ಅಂತ ನೋಡೋಣ. ಹೆಸರು ನ್ಯುಮೋಕಾಕಸ್. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್, ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದರು. (ಇದೇ ಬ್ಯಾಕ್ಟೀರಿಯಾದ ಮೇಲೆ 1928ರಲ್ಲಿ ಗ್ರಿಫಿತ್, 1944ರಲ್ಲಿ ಏವರಿ ಮಾಡಿದ ಪ್ರಯೋಗಗಳಿಂದಲೇ ನಮ್ಮ ಗುಣಗಳನ್ನು ಹೊತ್ತು ತರುವುದು ಡಿಎನ್‌ಎ ಅಂತ ಗೊತ್ತಾಗಿದ್ದು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೇವೆ, ಯಾವ ಬ್ಯಾಕ್ಟೀರಿಯಾ ಅನ್ನೋದು ಮಾತ್ರ ಮರೆತಿರ್ತೇವೆ.) ಇದರ ಮನೆ ಮಕ್ಕಳ ಮೂಗಿನ ಹಿಂಭಾಗ, ಗಂಟಲಿನ ಮೇಲ್ಭಾಗ. ಅಲ್ಲಿ ಸುಮ್ಮನೆ ಕೂತಿರುತ್ತೆ. ಮಗು ಆಡುತ್ತೆ, ಉಣ್ಣುತ್ತೆ, ಸೀನುತ್ತೆ, ಅಜ್ಜಿಗೆ ಮುತ್ತು ಕೊಡುತ್ತೆ. ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಲ್ಲಿ ಅದು ಕಿವಿಗೆ ಹೋಗುತ್ತೆ, ಕೆಲವರಲ್ಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಇನ್ನು ಕೆಲವೇ ಕೆಲವರಲ್ಲಿ ರಕ್ತಕ್ಕೆ ನುಗ್ಗುತ್ತೆ. ಅಲ್ಲಿಂದ ಮೆದುಳಿನ ಪೊರೆಗೆ ಹೋದರೆ ಮೆನಿಂಜೈಟಿಸ್.

ಇದರ ಮೈಮೇಲೆ ಸಕ್ಕರೆ ಅಣುಗಳ ಒಂದು ಕೋಟು ಇದೆ. ಆ ಕೋಟಿನ ವಿನ್ಯಾಸ ನೋಡಿ ಜಾತಿ ವಿಂಗಡಿಸ್ತಾರೆ. 100ಕ್ಕೂ ಹೆಚ್ಚು ವಿಧಗಳಿವೆ. 1, 5, 14, 19ಎಫ್, 23ಎಫ್ ಅಂತ ಬಸ್ ನಂಬರ್ ಥರ ಹೆಸರು. ಲಸಿಕೆ ಕೆಲಸ ಮಾಡೋದು ಆ ಕೋಟಿನ ಮೇಲೆ. 10 ವಿಧದ ಲಸಿಕೆ ಅಂದ್ರೆ 10 ಕೋಟುಗಳನ್ನು ಗುರುತು ಹಿಡಿಯೋಕೆ ಮಗುವಿನ ದೇಹಕ್ಕೆ ಕಲಿಸಿಕೊಡೋದು, ಅಷ್ಟೇ. ಮಿಕ್ಕ ವಿಧಗಳಿಗೆ ಅದು ಅನ್ವಯಿಸಲ್ಲ. ಈ ಒಂದು ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತೆ.

ಈಗ ಬ್ಲಡ್ ಕಲ್ಚರ್. ಹೆಸರು ದೊಡ್ಡದು, ವಿಷಯ ಸರಳ. ಮಗುವಿನ ಒಂದರಿಂದ ಮೂರು ಎಂಎಲ್ ರಕ್ತವನ್ನು ಶುದ್ಧವಾಗಿ ತೆಗೆದು, ಬ್ಯಾಕ್ಟೀರಿಯಾಗೆ ಬೇಕಾದ ಆಹಾರ ಇರುವ ಬಾಟಲಿಗೆ ಹಾಕ್ತಾರೆ. ಬಾಟಲಿಯನ್ನು ಮೈಶಾಖದಷ್ಟು ಬೆಚ್ಚಗಿರುವ ಯಂತ್ರದಲ್ಲಿ ಇಡ್ತಾರೆ. ರಕ್ತದಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದರೆ ಅದು ತಿಂದು, ಬೆಳೆದು, ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಬಾಟಲಿಯ ತಳದಲ್ಲಿರುವ ಸೆನ್ಸರ್ ಅದನ್ನು ಹಿಡಿಯುತ್ತೆ, ಯಂತ್ರ ಕೂಗುತ್ತೆ.

ಕೇಳೋಕೆ ಚೆನ್ನಾಗಿದೆ. ಆದರೆ ಈ ಸೆನ್ಸರ್‌ಗೆ ದೌರ್ಬಲ್ಯಗಳು ಬಹಳ. ರಕ್ತ ಕಡಿಮೆ ತೆಗೆದರೆ ಬ್ಯಾಕ್ಟೀರಿಯಾ ಬಾಟಲಿಗೆ ಬರುವುದೇ ಇಲ್ಲ, ಪುಟ್ಟ ಮಗುವಿನಿಂದ ಜಾಸ್ತಿ ತೆಗೆಯೋಕೂ ಆಗಲ್ಲ. ರಕ್ತ ತೆಗೆಯುವ ಮೊದಲೇ ಆ್ಯಂಟಿಬಯೋಟಿಕ್ ಹೋಗಿದ್ದರೆ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯಲ್ಲ. ನ್ಯುಮೋಕಾಕಸ್‌ಗೆ ಇನ್ನೊಂದು ವಿಚಿತ್ರ ಗುಣ ಇದೆ, ಬೆಳೆದು ಮುಗಿದ ಮೇಲೆ ತನ್ನ ಗೋಡೆಯನ್ನು ತಾನೇ ಕರಗಿಸಿಕೊಂಡು ಸಾಯುತ್ತೆ. ಬಾಟಲಿ ಲ್ಯಾಬ್‌ನಲ್ಲಿ ಹೆಚ್ಚು ಹೊತ್ತು ಯಾರೂ ನೋಡದೆ ಕೂತರೆ ಕಳ್ಳ ಬಂದು ಹೋದ ಗುರುತು ಮಾತ್ರ ಉಳಿಯುತ್ತೆ, ಕಳ್ಳ ಸಿಗಲ್ಲ. ಇದೆಲ್ಲದರ ಮೇಲೆ, ನ್ಯುಮೋಕಾಕಸ್‌ನಿಂದ ನ್ಯುಮೋನಿಯಾ ಆದ ಮಕ್ಕಳಲ್ಲೂ ಹೆಚ್ಚಿನವರ ರಕ್ತದಲ್ಲಿ ಅದು ಸಿಗುವುದೇ ಇಲ್ಲ. ಶ್ವಾಸಕೋಶದಲ್ಲಿ ಮಾತ್ರ ಇರುತ್ತೆ. ಅಂದ್ರೆ ರಕ್ತದಲ್ಲಿ ಸಿಕ್ಕಿದ್ದು ಒಟ್ಟು ಕಾಯಿಲೆಯ ಒಂದು ಸಣ್ಣ ಪಾಲು.

ಬಾಟಲಿ ಸಿಕ್ಕಿದರೂ ಅರ್ಧ ಲೆಕ್ಕ ಮಾತ್ರ. ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ 20 ಕೇಸ್ ಸಿಕ್ಕವು ಅಂತಿಟ್ಟುಕೊಳ್ಳಿ. ಅದು ಜಾಸ್ತಿಯೋ ಕಡಿಮೆಯೋ? ಎಷ್ಟು ಮಕ್ಕಳಲ್ಲಿ 20? ಆ ಆಸ್ಪತ್ರೆಗೆ ಬರುವವರು ಸುತ್ತಲಿನ ಊರಿನವರಾ, ನಾಲ್ಕು ಜಿಲ್ಲೆಯವರಾ? ಊರಲ್ಲಿ ಮಕ್ಕಳು ಎಷ್ಟಿದ್ದಾರೆ? ಭಿನ್ನರಾಶಿಯಲ್ಲಿ ಮೇಲಿನ ಅಂಕಿಗಿಂತ ಕೆಳಗಿನ ಅಂಕಿಯೇ ಕಷ್ಟ. ನಮ್ಮ ಟಿವಿ ಭೂಪಟದಲ್ಲಿ ಮೇಲಿನದೂ ಸರಿಯಿರಲಿಲ್ಲ, ಕೆಳಗಿನದು ಇರಲೇ ಇಲ್ಲ.

ಮೇಲಿನದು, ಕೆಳಗಿನದು ಎರಡನ್ನೂ ವರ್ಷಗಟ್ಟಲೆ ಬಿಡದೆ ಎಣಿಸಿದ ಊರೊಂದಿದೆ. ಅಮೆರಿಕದಲ್ಲಲ್ಲ, ಲಂಡನ್ನಿನಲ್ಲೂ ಅಲ್ಲ. ಮಂಗಳೂರಿನ ದಡದಲ್ಲಿ ನಿಂತು ಸಮುದ್ರದ ಆಚೆ ನೈಋತ್ಯಕ್ಕೆ ಕೈ ತೋರಿಸಿದರೆ ಆ ಕಡೆಗೇ ಬರುತ್ತೆ. ಕೀನ್ಯಾ ದೇಶದ ಕರಾವಳಿ, ಮೊಂಬಾಸಾದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಊರಿನ ಹೆಸರು ಕಿಲಿಫಿ. ತೆಂಗು, ಗೇರು, ಮೆಕ್ಕೆಜೋಳ, ಮೀನುಗಾರಿಕೆ. ಬಡವರ ಊರು. ಒಂದು ಸರ್ಕಾರಿ ಆಸ್ಪತ್ರೆ. ಅದರ ಪಕ್ಕದಲ್ಲೇ 1989ರಿಂದ ಕೀನ್ಯಾ ವೈದ್ಯಕೀಯ ಸಂಶೋಧನಾ ಸಂಸ್ಥೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಒಂದು ಸಂಶೋಧನಾ ಕೇಂದ್ರ.

ಅಲ್ಲಿ ಎರಡು ಕೆಲಸ ಶುರುವಾಯಿತು. ಮೊದಲನೆಯದು 1998ರ ಆಗಸ್ಟ್‌ನಲ್ಲಿ. ಕಾಯಿಲೆ ಬಿದ್ದು ದಾಖಲಾಗುವ ಪ್ರತಿ ಮಗುವಿನಿಂದಲೂ ಬ್ಲಡ್ ಕಲ್ಚರ್. ಡಾಕ್ಟರಿಗೆ ಅನುಮಾನ ಬಂದ ಮಗು ಮಾತ್ರ ಅಲ್ಲ, ಮಲೇರಿಯಾ ಅಂತ ಬಂದ ಮಗುವಿಗೂ, ಭೇದಿ ಅಂತ ಬಂದ ಮಗುವಿಗೂ. ಇದೇ ದೊಡ್ಡ ವಿಷಯ ನೋಡಿ. ಅನುಮಾನ ಬಂದಾಗ ಮಾತ್ರ ಹುಡುಕಿದರೆ ನಮ್ಮ ಅನುಮಾನ ಎಲ್ಲಿದೆಯೋ ಅಲ್ಲೇ ಕಾಯಿಲೆ ಸಿಗುತ್ತೆ.

ಎರಡನೆಯದು 2000ನೇ ಇಸವಿಯಲ್ಲಿ. ಆಸ್ಪತ್ರೆಯ ಸುತ್ತಲಿನ 891 ಚದರ ಕಿಲೋಮೀಟರ್ ಪ್ರದೇಶವನ್ನು ಗುರುತು ಮಾಡಿ, ಅಲ್ಲಿನ ಪ್ರತಿ ಮನೆ, ಪ್ರತಿ ಮನುಷ್ಯರನ್ನೂ ಪಟ್ಟಿ ಮಾಡಿದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಒಮ್ಮೆ ಮಾಡಿ ಬಿಟ್ಟಿದ್ದಲ್ಲ. ನಾಲ್ಕು ತಿಂಗಳಿಗೊಮ್ಮೆ ಕಾರ್ಯಕರ್ತರು ಮನೆ ಮನೆಗೆ ಹೋಗಿ ಕೇಳ್ತಾರೆ: ಯಾರು ಹುಟ್ಟಿದರು, ಯಾರು ಸತ್ತರು, ಯಾರು ಬಂದರು, ಯಾರು ಊರು ಬಿಟ್ಟರು. ನಮ್ಮಲ್ಲಿ ಜನಗಣತಿ ಹತ್ತು ವರ್ಷಕ್ಕೊಮ್ಮೆ, ಅದೂ ಈ ಸಲ ಮುಂದಕ್ಕೆ ಹೋಯಿತು. ಅಲ್ಲಿ ವರ್ಷಕ್ಕೆ ಮೂರು ಸಲ. ಮಗು ಆಸ್ಪತ್ರೆಗೆ ಬಂದ ಕೂಡಲೇ ಈ ಪಟ್ಟಿಯಲ್ಲಿ ಹೆಸರು ಹುಡುಕ್ತಾರೆ. ಸಿಕ್ಕಿದರೆ ಇದು ನಮ್ಮ ಪ್ರದೇಶದ ಮಗು, ಲೆಕ್ಕಕ್ಕೆ ಸೇರುತ್ತೆ. ಸಿಗದಿದ್ದರೆ ಚಿಕಿತ್ಸೆ ಸಿಗುತ್ತೆ, ಈ ಲೆಕ್ಕಕ್ಕೆ ಸೇರಲ್ಲ.

ಹೀಗೆ ಮಾಡಿದಾಗ ಕಂಡದ್ದೇನು? 1998ರಿಂದ 2002ರವರೆಗಿನ ನಾಲ್ಕು ವರ್ಷದ ಲೆಕ್ಕ 2005ರಲ್ಲಿ ಪ್ರಕಟವಾಯಿತು. 19 ಸಾವಿರಕ್ಕೂ ಹೆಚ್ಚು ಮಕ್ಕಳು. ಎರಡು ತಿಂಗಳು ದಾಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 6 ಮಂದಿಯ ರಕ್ತದಲ್ಲಿ ಬ್ಯಾಕ್ಟೀರಿಯಾ, ಅದಕ್ಕಿಂತ ಚಿಕ್ಕ ಶಿಶುಗಳಲ್ಲಿ ನೂರಕ್ಕೆ ಸುಮಾರು 13. ಸ್ವಲ್ಪ ದೊಡ್ಡ ಮಕ್ಕಳ ರಕ್ತದಲ್ಲಿ ಸಿಕ್ಕಿದ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೋಕಾಕಸ್ ಒಂದು. ಆ ಆಸ್ಪತ್ರೆಯಲ್ಲಿ ಸತ್ತ ಮಕ್ಕಳಲ್ಲಿ ನೂರಕ್ಕೆ 26 ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ಇತ್ತು. ಆಫ್ರಿಕಾ ಅಂದ್ರೆ ಮಲೇರಿಯಾ ಅಂತ ಜಗತ್ತೆಲ್ಲ ಅಂದುಕೊಂಡಿದ್ದಾಗ, ಕಣ್ಣಿಗೆ ಬೀಳದ ಇದು ಮಲೇರಿಯಾಕ್ಕಿಂತ ಮುಂದಿತ್ತು.

ಇನ್ನೊಂದು ಅಂಕಿ ಓದಿದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದು ಸತ್ತ ಮಕ್ಕಳು 308. ಅವರಲ್ಲಿ ಮೂರನೇ ಒಂದು ಭಾಗ ದಾಖಲಾದ ದಿನವೇ ಹೋದರು. ನೂರಕ್ಕೆ 70 ಮಕ್ಕಳು ಎರಡು ದಿನದೊಳಗೆ. ಬ್ಲಡ್ ಕಲ್ಚರ್ ರಿಪೋರ್ಟ್ ಬರೋಕೇ ಒಂದೆರಡು ದಿನ ಬೇಕು. ಅಂದ್ರೆ ಎಷ್ಟೋ ಮಕ್ಕಳ ರಿಪೋರ್ಟ್ ಬಂದದ್ದು ಮಗು ಹೋದ ಮೇಲೆ. ಒಳ್ಳೆ ಔಷಧಿ ಇದೆ, ಪೆನಿಸಿಲಿನ್ ಇದೆ, ಆದರೆ ಸಮಯ ಇಲ್ಲ. ಇಂಥ ಕಡೆ ಆಸ್ಪತ್ರೆ ಎಷ್ಟೇ ಚೆನ್ನಾಗಿದ್ದರೂ ತಡವಾಗಿ ಬಂದ ಮಗುವಿಗೆ ಏನೂ ಮಾಡೋಕಾಗಲ್ಲ. ಕಾಯಿಲೆ ಬಾರದ ಹಾಗೆ ನೋಡಿಕೊಳ್ಳೋದೇ ದಾರಿ. ಲಸಿಕೆಯ ವಾದ ಹುಟ್ಟಿದ್ದು ಇಲ್ಲಿಂದ.

ದಾಖಲಾದ ಮಕ್ಕಳು ಸರಿ, ಹೊರರೋಗಿ ವಿಭಾಗಕ್ಕೆ ಬಂದು ಸಿರಪ್ ತೆಗೆದುಕೊಂಡು ಮನೆಗೆ ಹೋಗುವ ಮಕ್ಕಳ ಕಥೆ ಏನು? ಕಿಲಿಫಿಯವರು ಅದನ್ನೂ ನೋಡಿದರು. ಅಲ್ಲೂ ರಕ್ತ ತೆಗೆದು ನೋಡಿದಾಗ, ವಾರ್ಡ್ ಮಾತ್ರ ಎಣಿಸಿದರೆ ಸಿಗುತ್ತಿದ್ದ ನ್ಯುಮೋಕಾಕಸ್ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು ಕಂಡಿತು. ಜಾಸ್ತಿ ಹುಡುಕಿದಷ್ಟೂ ಜಾಸ್ತಿ ಸಿಗುವ ಕಾಯಿಲೆ ಇದು. ಆದ್ದರಿಂದ ಎರಡು ಊರನ್ನು ಹೋಲಿಸುವ ಮುಂಚೆ ಎರಡೂ ಕಡೆ ಒಂದೇ ಥರ ಹುಡುಕಿದ್ದಾರಾ ಅಂತ ಕೇಳಬೇಕು. ನನ್ನ ಹಸಿರು, ಕೆಂಪು ಭೂಪಟ ನೆನಪಾಯಿತಾ?

ಇಲ್ಲಿ ಮಧ್ಯೆ ಒಂದು ತಿರುವು ಬಂತು, ನನಗೆ ತುಂಬಾ ಇಷ್ಟವಾದ ಭಾಗ. ಲಸಿಕೆ ಬರುವ ಮೊದಲೇ ಕಿಲಿಫಿಯಲ್ಲಿ ಮಕ್ಕಳ ರಕ್ತದ ಸೋಂಕು ಇಳಿಯತೊಡಗಿತು! 1999ರಲ್ಲಿ ಸಾವಿರ ಮಕ್ಕಳಿಗೆ ವರ್ಷಕ್ಕೆ 2.59 ಇದ್ದದ್ದು 2007ರ ಹೊತ್ತಿಗೆ 1.45. ಯಾಕೆ? ಅದೇ ಅವಧಿಯಲ್ಲಿ ಮಲೇರಿಯಾದಿಂದ ದಾಖಲಾಗುವ ಮಕ್ಕಳ ಪ್ರಮಾಣ ಸಾವಿರಕ್ಕೆ 28.5ರಿಂದ 3.45ಕ್ಕೆ ಬಿದ್ದಿತ್ತು. ಮಲೇರಿಯಾ ಬಂದ ಮಗುವಿನ ದೇಹ ಬ್ಯಾಕ್ಟೀರಿಯಾಗೆ ಬಾಗಿಲು ತೆರೆದ ಹಾಗೆ. ಮಲೇರಿಯಾ ಹೋದರೆ ಅದರ ಬೆನ್ನಿಗೆ ಬರುತ್ತಿದ್ದ ರಕ್ತದ ಸೋಂಕೂ ಹೋಗುತ್ತೆ. ಆಂಟನಿ ಸ್ಕಾಟ್ ಮತ್ತು ಜೊತೆಗಾರರು 2011ರಲ್ಲಿ ಇದನ್ನು ತೋರಿಸಿದರು. ಅದಕ್ಕೆ ಅವರು ಬಳಸಿದ್ದು ಸಿಕಲ್ ಸೆಲ್ ಎಂಬ ರಕ್ತದ ಗುಣವನ್ನು. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಬಂದ ಮಗುವಿಗೆ ಮಲೇರಿಯಾದಿಂದ ರಕ್ಷಣೆ ಇರುತ್ತೆ. ಮಲೇರಿಯಾ ಜೋರಾಗಿದ್ದಾಗ ಅಂಥ ಮಕ್ಕಳಿಗೆ ರಕ್ತದ ಸೋಂಕೂ ಕಡಿಮೆ ಇತ್ತು. ಮಲೇರಿಯಾ ಇಳಿದ ಮೇಲೆ ಆ ವ್ಯತ್ಯಾಸ ಕರಗುತ್ತಾ ಬಂತು. ಪ್ರಕೃತಿಯೇ ಮಾಡಿಟ್ಟ ಪ್ರಯೋಗ.

ಹಾಗಾದರೆ ಯೋಚನೆ ಮಾಡಿ. ಇಂಥ ಊರಿಗೆ 2005ರಲ್ಲೇ ಯಾರೋ ಬಂದು ಲಸಿಕೆ ಹಾಕಿ, 2007ರಲ್ಲಿ ಪ್ರೆಸ್‌ಮೀಟ್ ಕರೆದು "ನೋಡಿ, ರಕ್ತದ ಸೋಂಕು ಇಳಿಯಿತು" ಅಂದಿದ್ದರೆ ನಾವು ಬ್ರೇಕಿಂಗ್ ನ್ಯೂಸ್ ಹಾಕಿಬಿಡ್ತಿದ್ವಿ. ಇಳಿದದ್ದು ನಿಜ, ಕಾರಣ ಮಾತ್ರ ಬೇರೆ.

ನಿಜವಾದ ಲಸಿಕೆ ಬಂದದ್ದು 2011ರ ಆರಂಭದಲ್ಲಿ. ಕೀನ್ಯಾ ಸರ್ಕಾರ 10 ವಿಧದ ನ್ಯುಮೋಕಾಕಲ್ ಲಸಿಕೆಯನ್ನು ದೇಶದ ಶಿಶುಗಳಿಗೆ ಶುರು ಮಾಡಿತು, 6, 10, 14ನೇ ವಾರದಲ್ಲಿ. ಕಿಲಿಫಿಯಲ್ಲಿ ಮಾತ್ರ ಐದು ವರ್ಷದೊಳಗಿನ ದೊಡ್ಡ ಮಕ್ಕಳಿಗೂ ಅಭಿಯಾನ ಮಾಡಿ ಕೊಟ್ಟರು. ಆಮೇಲೆ ಎಣಿಕೆ ಮುಂದುವರಿಯಿತು, ಮೊದಲಿನ ಹಾಗೇ. ಅದೇ ಆಸ್ಪತ್ರೆ, ಅದೇ ಬಾಟಲಿ, ಅದೇ ನಾಲ್ಕು ತಿಂಗಳ ಸುತ್ತು.

2019ರಲ್ಲಿ ಲಾರಾ ಹ್ಯಾಮಿಟ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. 1999ರಿಂದ 2016ರವರೆಗೆ 18 ವರ್ಷ. 32 ಲಕ್ಷಕ್ಕೂ ಹೆಚ್ಚು ವ್ಯಕ್ತಿ-ವರ್ಷ. ಏನಿದು ವ್ಯಕ್ತಿ-ವರ್ಷ? ಒಬ್ಬರನ್ನು ಒಂದು ವರ್ಷ ಗಮನಿಸಿದರೆ ಒಂದು. ಜೂನ್ ಕೊನೆಯಲ್ಲಿ ಊರು ಬಿಟ್ಟು ಹೋದ ಮಗು ಆ ವರ್ಷಕ್ಕೆ ಅರ್ಧ. ಮನೆ ಮನೆಗೆ ಹೋಗಿ ಕೇಳಿದ್ದರಿಂದ ಮಾತ್ರ ಈ ಅರ್ಧ ಅನ್ನೋದು ಗೊತ್ತಾಗುತ್ತೆ. ಅಷ್ಟು ದೊಡ್ಡ ಲೆಕ್ಕದಲ್ಲಿ ಸಿಕ್ಕಿದ್ದು 667 ಕೇಸ್. ರಕ್ತ, ಮೆದುಳು ನೀರು ಮುಂತಾದ, ಬ್ಯಾಕ್ಟೀರಿಯಾ ಇರಲೇಬಾರದ ಜಾಗದಲ್ಲಿ ನ್ಯುಮೋಕಾಕಸ್ ಸಿಕ್ಕವರು ಇವರು. ಮಕ್ಕಳು, ದೊಡ್ಡವರು ಎಲ್ಲ ಸೇರಿ.

ಐದು ವರ್ಷದೊಳಗಿನವರಲ್ಲಿ, ಲಸಿಕೆಯಲ್ಲಿರುವ 10 ವಿಧಗಳಿಂದಾಗುವ ಕಾಯಿಲೆ ಮೊದಲು ಲಕ್ಷಕ್ಕೆ ವರ್ಷಕ್ಕೆ 60.8 ಇತ್ತು. ಲಸಿಕೆ ನಂತರ 3.2. ಕ್ಯಾಲ್ಕುಲೇಟರ್ ತೆಗೆದರೆ ಇದು 95 ಪರ್ಸೆಂಟ್ ಇಳಿಕೆ. ಆದರೆ ಅವರು ಹೇಳಿದ್ದು 92. ಮೂರು ಪರ್ಸೆಂಟ್ ಯಾಕೆ ಬಿಟ್ಟುಕೊಟ್ಟರು? ಲಸಿಕೆಯ ಹೊರತಾಗಿ ಬದಲಾದ ಸಂಗತಿಗಳನ್ನೂ ಲೆಕ್ಕಕ್ಕೆ ತಂದು ಸರಿದೂಗಿಸಿದ್ದರಿಂದ. ನಮ್ಮ ಕಡೆ ಯಾವ ಇಲಾಖೆ ಹೀಗೆ ತನ್ನ ಸಾಧನೆಯಿಂದ ತಾನೇ ಕಳೆದುಕೊಂಡದ್ದನ್ನು ನಾನಂತೂ ಓದಿಲ್ಲ! ಎಲ್ಲ ವಿಧಗಳೂ ಸೇರಿದ ಇಳಿಕೆ 68 ಪರ್ಸೆಂಟ್.

ಮಲೇರಿಯಾದ ಹಾಗೆ ಇದಕ್ಕೂ ಬೇರೆ ಕಾರಣ ಇರಬಹುದಲ್ಲ ಅಂತ ನೀವು ಕೇಳಬೇಕು. ಈಗ ಆ ಕೋಟಿನ ವಿಷಯ ನೆನಪು ಮಾಡಿಕೊಳ್ಳಿ. ಮಲೇರಿಯಾ ಇಳಿದದ್ದೋ, ಊಟ ಸುಧಾರಿಸಿದ್ದೋ, ಆಸ್ಪತ್ರೆಗೆ ಬರುವವರು ಕಡಿಮೆಯಾದದ್ದೋ ಕಾರಣ ಆಗಿದ್ದರೆ ಎಲ್ಲ ವಿಧದ ನ್ಯುಮೋಕಾಕಸ್ಸೂ ಒಟ್ಟಿಗೆ ಇಳಿಯಬೇಕಿತ್ತು. ಬಡತನಕ್ಕೆ 14ನೇ ನಂಬರ್ ಕೋಟು ಯಾವುದು, ಬೇರೆ ಕೋಟು ಯಾವುದು ಅಂತ ಗೊತ್ತಾಗಲ್ಲ. ಲಸಿಕೆಗೆ ಗೊತ್ತು. ಹತ್ತೂ ವಿಧಗಳು ಕುಸಿದವು, ಮಿಕ್ಕವು ಹೆಚ್ಚು ಕಡಿಮೆ ಇದ್ದ ಹಾಗೇ ಉಳಿದವು. ಒಂದೇ ಬಾಟಲಿಯೊಳಗೆ ಪ್ರಯೋಗವೂ ಇದೆ, ಹೋಲಿಕೆಗೆ ಇಟ್ಟ ಗುಂಪೂ ಇದೆ. ಎಂಜಿನಿಯರ್ ಆದವನಿಗೆ ಇಂಥ ಡಿಸೈನ್ ನೋಡಿದರೆ ಹೊಟ್ಟೆಕಿಚ್ಚು ಆಗುತ್ತೆ.

ಲಸಿಕೆ ಹಾಕಿಸಿಕೊಳ್ಳದವರಿಗೆ ಏನಾಯಿತು ಅನ್ನೋದು ಇನ್ನೂ ಚೆನ್ನಾಗಿದೆ. ಎರಡು ತಿಂಗಳೊಳಗಿನ ಕೂಸುಗಳಿಗೆ ಲಸಿಕೆ ಇನ್ನೂ ಸರಿಯಾಗಿ ಹತ್ತಿರೋದಿಲ್ಲ. ಲಸಿಕೆ ಬಂದ ನಂತರದ ವರ್ಷಗಳಲ್ಲಿ ಅವರಲ್ಲಿ ಆ 10 ವಿಧಗಳ ಒಂದೂ ಕೇಸ್ ಸಿಗಲಿಲ್ಲ. 15 ದಾಟಿದ ದೊಡ್ಡವರಿಗೆ ಯಾರೂ ಲಸಿಕೆ ಕೊಟ್ಟಿರಲಿಲ್ಲ, ಅವರಲ್ಲಿ 81 ಪರ್ಸೆಂಟ್ ಇಳಿಯಿತು. ಕಾರಣ ಮಕ್ಕಳ ಮೂಗು. ಊರಿನ ಮಕ್ಕಳ ಮೂಗಿನ ಹಿಂಭಾಗದಿಂದ ದ್ರವ ತೆಗೆದು ಪರೀಕ್ಷಿಸಿದಾಗ, ಆ 10 ವಿಧಗಳನ್ನು ಹೊತ್ತು ತಿರುಗುವ ಐದು ವರ್ಷದೊಳಗಿನವರು ನೂರಕ್ಕೆ 34 ಇದ್ದದ್ದು 13ಕ್ಕೆ ಇಳಿದಿತ್ತು. ಮೊಮ್ಮಗುವಿನ ತೊಡೆಗೆ ಚುಚ್ಚಿದ ಸೂಜಿ ಅಜ್ಜಿಯನ್ನೂ ಕಾಪಾಡಿತು.

ಖಾಲಿಯಾದ ಜಾಗಕ್ಕೆ ಬೇರೆ ವಿಧಗಳು ಬಂದು ಕೂರಲ್ವಾ? ಕೂರುತ್ತವೆ, ಮೂಗಿನಲ್ಲಂತೂ ಕೂರುತ್ತವೆ. ಅಮೆರಿಕದಲ್ಲಿ 2000ದಲ್ಲಿ 7 ವಿಧದ ಲಸಿಕೆ ಬಂದ ಮೇಲೆ 19ಎ ಎಂಬ ವಿಧ ಮೇಲೆದ್ದಿತು, ಅದನ್ನೂ ಸೇರಿಸಿ 2010ರಲ್ಲಿ 13 ವಿಧದ ಲಸಿಕೆ ತರಬೇಕಾಯಿತು. ಕಿಲಿಫಿಯ ಮಕ್ಕಳ ರಕ್ತದಲ್ಲಿ 2016ರವರೆಗಿನ ಲೆಕ್ಕದಲ್ಲಿ ಅಂಥ ದೊಡ್ಡ ಏರಿಕೆ ಕಾಣಲಿಲ್ಲ. ಆದರೆ ಇದು ಒಂದು ಸಲ ನೋಡಿ ಫೈಲ್ ಮುಚ್ಚುವ ವಿಷಯ ಅಲ್ಲ, ನೋಡ್ತಾನೇ ಇರಬೇಕು.

ನೋಡ್ತಾನೇ ಇರೋದು ಎಷ್ಟು ಕಷ್ಟ ಅಂತ ಹೇಳ್ತೀನಿ. 2016ರ ಡಿಸೆಂಬರ್‌ನಿಂದ ಕೀನ್ಯಾದಲ್ಲಿ ಸರ್ಕಾರಿ ವೈದ್ಯರು 100 ದಿನ ಮುಷ್ಕರ ಮಾಡಿದರು. 2017ರಲ್ಲಿ ನರ್ಸ್‌ಗಳ ಮುಷ್ಕರ ಐದು ತಿಂಗಳು. ಡಾಕ್ಟರಿಲ್ಲ, ನರ್ಸ್ ಇಲ್ಲ ಅಂದ್ರೆ ದಾಖಲಾತಿ ಇಲ್ಲ, ಬಾಟಲಿ ಇಲ್ಲ. ಯಾರಾದರೂ ಆ ತಿಂಗಳುಗಳ ಆಸ್ಪತ್ರೆ ರಿಜಿಸ್ಟರ್ ಮಾತ್ರ ನೋಡಿ ಗ್ರಾಫ್ ಹಾಕಿದರೆ ಕಾಯಿಲೆ ಪವಾಡದ ಹಾಗೆ ಮಾಯ. ನಮ್ಮ ಚಾನೆಲ್ ಭೂಪಟದಲ್ಲಾದರೆ ಹಸಿರು.

ಇನ್ನು ನಮ್ಮ ಮನೆಗೆ ಬರೋಣ. ಭಾರತದಲ್ಲಿ ಈ ಬ್ಯಾಕ್ಟೀರಿಯಾವನ್ನು ಹುಡುಕಿಲ್ಲ ಅಂತಲ್ಲ. 1993ರಿಂದ 1997ರವರೆಗೆ ದೇಶದ ಆರು ದೊಡ್ಡ ಆಸ್ಪತ್ರೆಗಳು ಸೇರಿ ಹುಡುಕಿದವು, 314 ಮಂದಿಯಲ್ಲಿ ಖಚಿತವಾಗಿ ಸಿಕ್ಕಿತು. ಯಾವ ವಿಧ ಹೆಚ್ಚು, ಯಾವ ಔಷಧಿಗೆ ಬಗ್ಗುತ್ತೆ ಅಂತ ನಮಗೆ ತಿಳಿದದ್ದು ಅದರಿಂದ. 1ನೇ ನಂಬರ್ ವಿಧ ಎಲ್ಲಕ್ಕಿಂತ ಮುಂದಿತ್ತು. ಬೆಲೆಬಾಳುವ ಕೆಲಸ ಅದು. ಆದರೆ ಅಲ್ಲಿ ಮೇಲಿನ ಅಂಕಿ ಇದೆ, ಕೆಳಗಿನದಿಲ್ಲ. ದೊಡ್ಡ ಆಸ್ಪತ್ರೆಗೆ ಎಲ್ಲೆಲ್ಲಿಂದಲೋ ಬರ್ತಾರೆ. 314 ಎಷ್ಟು ಜನರಲ್ಲಿ 314?

ಹಾಗಾಗಿ ನಮ್ಮ ದೇಶದ ದೊಡ್ಡ ಅಂಕಿಗಳು ಬೇರೆ ದಾರಿಯಲ್ಲಿ ಬರುತ್ತವೆ. ಒಟ್ಟು ಎಷ್ಟು ಮಕ್ಕಳು ನ್ಯುಮೋನಿಯಾದಿಂದ ಸಾಯುತ್ತಾರೆ ಅಂತ ಅಂದಾಜು ಮಾಡ್ತಾರೆ, ಅದರಲ್ಲೂ ಎಷ್ಟೋ ಸಾವಿನ ಕಾರಣ ತಿಳಿಯೋದು ಆಮೇಲೆ ಮನೆಯವರನ್ನು ಕೇಳಿ. ಆ ಒಟ್ಟು ಸಂಖ್ಯೆಯಲ್ಲಿ ನ್ಯುಮೋಕಾಕಸ್ ಪಾಲೆಷ್ಟು ಅನ್ನೋದನ್ನು ಬೇರೆ ದೇಶಗಳ ಲಸಿಕೆ ಪ್ರಯೋಗಗಳಿಂದ ಎರವಲು ತರ್ತಾರೆ. ಗುಣಿಸ್ತಾರೆ. ಇದು ಮೋಸ ಅಲ್ಲ, ಒಳ್ಳೆ ವಿಜ್ಞಾನಿಗಳೇ ಮಾಡೋ ಲೆಕ್ಕ. ಕೈಯಲ್ಲಿ ಬೇರೇನೂ ಇಲ್ಲದಾಗ ಸರ್ಕಾರ ಇದನ್ನೇ ನಂಬಿ ಲಸಿಕೆ ತರೋದು ಸರಿಯೇ, ತಂದದ್ದಕ್ಕೆ ನನಗೆ ಖುಷಿ ಇದೆ. 2017ರ ಮೇನಲ್ಲಿ ಹಿಮಾಚಲ ಪ್ರದೇಶದಲ್ಲಿ ಶುರುವಾದದ್ದು 2021ರಲ್ಲಿ ನಮ್ಮಲ್ಲಿಗೂ ಬಂತು. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಮೂರು ಡೋಸ್, ಪುಕ್ಕಟೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 10 ವಿಧದ ಲಸಿಕೆಯನ್ನು ಇಲ್ಲೇ ತಯಾರಿಸ್ತಿದೆ. ನಿಮ್ಮ ಮಗುವಿನ ತಾಯಿ ಕಾರ್ಡ್ ತೆಗೆದು ಪಿಸಿವಿ ಅನ್ನೋ ಮೂರು ಖಾನೆ ತುಂಬಿದೆಯಾ ಅಂತ ನೋಡಿ. ಇಲ್ಲದಿದ್ದರೆ ನಿಮ್ಮ ಆಶಾ ಅಕ್ಕನನ್ನು ಕೇಳಿ.

ನನ್ನ ತಕರಾರು ಲಸಿಕೆಯ ಮೇಲಲ್ಲ. ಕೊಟ್ಟ ಮೇಲೆ ಏನಾಯಿತು ಅಂತ ನೋಡುವ ಕಣ್ಣು ಎಲ್ಲಿದೆ ಅನ್ನೋದು. 50 ಸಾವಿರದ ಬದಲು 40 ಉಳಿಯಿತಾ, 60 ಉಳಿಯಿತಾ? ರಾಯಚೂರಿನಲ್ಲಿ ಯಾವ ವಿಧ ಇತ್ತು, ಅದು ಲಸಿಕೆಯಲ್ಲಿ ಇದೆಯಾ? ಇಂದು ಇಲ್ಲದ ವಿಧ ನಾಳೆ ಮೇಲೆದ್ದರೆ ಯಾವ ಯಂತ್ರ ಕೂಗುತ್ತೆ? ಪ್ರತಿ ತಾಲ್ಲೂಕಿಗೂ ಕಿಲಿಫಿ ಬೇಡ, ಅದು ಆಗದ ಮಾತು. ರಾಜ್ಯಕ್ಕೆ ಒಂದು ಸಾಕು. ಒಂದು ತಾಲ್ಲೂಕು, ಒಂದು ಆಸ್ಪತ್ರೆ, ಒಂದು ಪಟ್ಟಿ. ಆದರೆ 20 ವರ್ಷ, ಸರ್ಕಾರ ಬದಲಾದರೂ ನಿಲ್ಲದ ಹಾಗೆ. ಇದನ್ನು ನಾನು ಸ್ಟುಡಿಯೋಗೆ ಬಂದ ಒಬ್ಬ ಅಧಿಕಾರಿಗೆ ಹೇಳಿದಾಗ ಅವರು ನಕ್ಕು, "ಉದ್ಘಾಟನೆಗೆ ಏನಿದೆ ಅದರಲ್ಲಿ?" ಅಂದರು. ತಮಾಷೆಗೆ ಅಂದರೋ ನಿಜಕ್ಕೋ ಗೊತ್ತಾಗಲಿಲ್ಲ.

ಕಳೆದ ವರ್ಷ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಅಕ್ಕನ ಮಗಳು, 2020ರಲ್ಲಿ ಹುಟ್ಟಿದವಳು, ಪುಕ್ಕಟೆ ಲಸಿಕೆ ಬರುವ ಮುಂಚಿನವಳು. ಜ್ವರ, ಕೆಮ್ಮು ಶುರುವಾಯಿತು. ಅಕ್ಕ ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋಗಿ ಕೇಳಿದಳು, ಅವರು ಒಂದು ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು. ಎರಡು ದಿನ ಕೊಟ್ಟಳು. ಮೂರನೇ ರಾತ್ರಿ ಮಗುವಿನ ಪಕ್ಕೆ ಒಳಕ್ಕೆ ಎಳೆಯೋಕೆ ಶುರುವಾಯಿತು. ಆಸ್ಪತ್ರೆಗೆ ಓಡಿದೆವು.

ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಮೊದಲು ಕೇಳಿದ್ದು, "ಆ್ಯಂಟಿಬಯೋಟಿಕ್ ಏನಾದ್ರೂ ಕೊಟ್ಟಿದ್ದೀರಾ ಅಮ್ಮ?" ಅಕ್ಕ ಬಾಟಲಿ ತೋರಿಸಿದಳು. ಡಾಕ್ಟರ್ ಏನೂ ಹೇಳಲಿಲ್ಲ, ಮುಖ ಮಾತ್ರ ಸ್ವಲ್ಪ ಬದಲಾಯಿತು. ಆದರೂ ಕಲ್ಚರ್‌ಗೆ ರಕ್ತ ತೆಗೆದರು, ತೆಗೆದ ಮರುನಿಮಿಷವೇ ಇಂಜೆಕ್ಷನ್ ಶುರು ಮಾಡಿದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಂಡಿತು. ಎರಡು ದಿನ ಆಕ್ಸಿಜನ್. ನಾಲ್ಕನೇ ದಿನ ಇಡ್ಲಿ ಕೇಳಿದಳು. ಆರನೇ ದಿನ ಮನೆಗೆ ಬಂದಳು.

ಡಿಸ್ಚಾರ್ಜ್ ಕಾಗದಗಳ ಹಿಂದೆ ಕಲ್ಚರ್ ರಿಪೋರ್ಟ್ ಪಿನ್ ಮಾಡಿದ್ದರು. ಐದು ದಿನ ಇಟ್ಟರೂ ಬ್ಯಾಕ್ಟೀರಿಯಾ ಬೆಳೆದಿಲ್ಲ ಅಂತ ಬರೆದಿತ್ತು. ಅದರ ಫೋಟೋ ತೆಗೆದು ಆ ಮೇಡಂಗೆ ಕಳಿಸಿದೆ. ರಾತ್ರಿ ಅವರೇ ಫೋನ್ ಮಾಡಿದರು. ಮಗು ಹೇಗಿದೆ ಅಂತ ಎರಡೆರಡು ಸಲ ಕೇಳಿದರು. ಆಟ ಆಡ್ತಿದ್ದಾಳೆ ಅಂದೆ.

"ಸಂತೋಷಪ್ಪಾ. ಯಾವ ಬ್ಯಾಕ್ಟೀರಿಯಾ ಅಂತ ಇನ್ನು ಗೊತ್ತಾಗಲ್ಲ ಬಿಡಿ."

"ಹಾಗಾದ್ರೆ ಲೆಕ್ಕದಲ್ಲಿ ಇವಳು ಎಲ್ಲಿ ಬರ್ತಾಳೆ ಮೇಡಂ?"

"ಬರಲ್ಲ. ನಿಮ್ಮ ಹಸಿರು ಜಿಲ್ಲೇಲಿ ಇರ್ತಾಳೆ."